ಗುರುವಾರದ ಕನಸುಗಳು

"ಆಮೇಲೆ?" ಅಂದರು ಡಾಕ್ಟರ್ ಹೆಡ್ವಿಗ್, ಹೆಣಿಗೆಯಿಂದ ಕಣ್ಣೆತ್ತದೆ.

ಪಾದ್ರಿ ಉಲ್ರಿಖ್ ಗಂಟಲು ಸರಿಮಾಡಿಕೊಂಡರು. "ಆಮೇಲೆ ಸರೋವರದ ನಡುವೆ ಬಂಗಾರದ ಚಕ್ರವೊಂದು ಎದ್ದು ಬಂತು. ಅದರೊಳಗೆ ಬಿಳಿಗಡ್ಡದ ಒಬ್ಬ ಮುದುಕ. ಅವನ ಕೈಯಲ್ಲಿ..."

ಕೈಯಲ್ಲಿ ಏನಿತ್ತು? ನಿನ್ನೆ ಸಂಜೆ ಬರೆದುಕೊಂಡದ್ದು ದೀಪವೋ, ಬೀಗದ ಕೈಯೋ? ಮರೆತೇ ಹೋಗಿತ್ತು.

ಎಂಟು ತಿಂಗಳಿಂದ ಪ್ರತಿ ಗುರುವಾರ ಅವರು ಸರೋವರದ ದಂಡೆಯ ತಮ್ಮೂರು ಸ್ಟೇಫಾದಿಂದ ರೈಲು ಹತ್ತಿ ಡಾಕ್ಟರಿರುವ ಕ್ಯುಸ್ನಾಖ್ಟ್‌ಗೆ ಬರುತ್ತಿದ್ದರು, ಕನಸು ಹೇಳಲಿಕ್ಕೆ. ಹೆಂಡತಿ ಲೀನಾ ತೀರಿಕೊಂಡ ಮೇಲೆ ಅವರಿಗೆ ಪ್ರಾರ್ಥನೆ ನಿಂತುಹೋಗಿತ್ತು. ನಿವೃತ್ತರಾಗುವ ತನಕ ನಲವತ್ತು ವರ್ಷ ಕಂಡವರ ಹಾಸಿಗೆಯ ಪಕ್ಕ ಕುಳಿತು ನೀರು ಕುಡಿದಷ್ಟು ಸಲೀಸಾಗಿ ಪ್ರಾರ್ಥಿಸಿದವರು, ತಮ್ಮ ಹಾಸಿಗೆಯ ಪಕ್ಕ ಮಂಡಿಯೂರಿದರೆ ಬಾಯಿ ತೆರೆಯುತ್ತಿತ್ತು, ಮಾತು ಬರುತ್ತಿರಲಿಲ್ಲ. ದೇವರ ಬಾಗಿಲು ಒಳಗಿನಿಂದಲೇ ತೆರೆಯಬೇಕು, ದಾರಿ ಕನಸು ತೋರಿಸುತ್ತದೆ ಅಂತ ಯಾರೋ ಕನಸುಗಳ ಅರ್ಥ ಬಿಡಿಸುವ ಈ ಡಾಕ್ಟರ ವಿಳಾಸ ಕೊಟ್ಟಿದ್ದರು.

ಮೊದಲೆರಡು ವಾರ ಕನಸೇ ಬೀಳಲಿಲ್ಲ. ಹೀಗೇ ಆದರೆ ಇನ್ನು ಬರಬೇಡಿ ಅನ್ನುತ್ತಾರೇನೋ ಎಂದು ಪಾದ್ರಿಗೆ ದಿಗಿಲಾಯಿತು. ವಾರವಿಡೀ ಅವರನ್ನು ಮಾತನಾಡಿಸುತ್ತಿದ್ದವನು ಬೇಕರಿಯವನೊಬ್ಬನೇ, ಅದೂ "ಪೂರ್ತಿ ಬ್ರೆಡ್ಡೋ, ಅರ್ಧವೋ?" ಅಂತ. "ಆಮೇಲೆ?" ಎಂದು ಕೇಳುವ ಜೀವ ಈ ಕೋಣೆ ಬಿಟ್ಟರೆ ಎಲ್ಲೂ ಇರಲಿಲ್ಲ. ಹಾಗಾಗಿ ಗ್ರಂಥಾಲಯದಿಂದ ಕನಸಿನ ಸಂಕೇತಗಳ ಬಗ್ಗೆ ಮಂಡಲ, ನೆರಳು, ಜ್ಞಾನವೃದ್ಧ ಅಂತೆಲ್ಲ ಇರುವ ದಪ್ಪ ಪುಸ್ತಕಗಳನ್ನು ತಂದರು. ಪ್ರತಿ ಶನಿವಾರ ಭಾನುವಾರದ ಪ್ರವಚನ ಸಿದ್ಧಮಾಡಿಕೊಂಡು ಬಂದ ಮನುಷ್ಯ. ಬುಧವಾರ ಕನಸು ಸಿದ್ಧಮಾಡುವುದು ಕಷ್ಟವಾಗಲಿಲ್ಲ.

"ಕೈಯಲ್ಲಿ ದೀಪ," ಅಂದರು ಕೊನೆಗೆ. ಡಾಕ್ಟರ ಹೆಣಿಗೆ ಕಡ್ಡಿಗಳು ಟಿಕ್ ಟಿಕ್ ಎನ್ನುತ್ತಲೇ ಇದ್ದವು. ಇದ್ದಕ್ಕಿದ್ದಂತೆ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

"ಇಲ್ಲ ಡಾಕ್ಟರಮ್ಮ. ದೀಪಾನೂ ಇಲ್ಲ, ಮುದುಕನೂ ಇಲ್ಲ. ಎಂಟು ತಿಂಗಳಿಂದ ಹೇಳಿದ್ದೆಲ್ಲ ನಾನೇ ಕಟ್ಟಿದ್ದು. ಇವತ್ತು ಬೆಳಗಿನ ಜಾವ ಒಂದು ನಿಜವಾಗಿ ಬಿತ್ತು. ಆದ್ರೆ ಅದು ಇಲ್ಲಿಗೆ ತರೋ ಅಂಥದ್ದಲ್ಲ. ತೀರಾ ಸಣ್ಣದು."

"ಸಣ್ಣದಾದ್ರೇನಂತೆ? ಹೇಳಿ."

"ಲೀನಾ ಅಡುಗೆಮನೇಲಿ ಆಲೂಗಡ್ಡೆ ಸಿಪ್ಪೆ ತೆಗೀತಿದ್ಲು, ಬಾಗಿಲಿಗೆ ಬೆನ್ನು ಮಾಡಿ. ನಾನು ಹೊಸಿಲಲ್ಲಿ ನಿಂತಿದ್ದೆ. 'ಕಾಲು ಒರೆಸ್ಕೊಂಡು ಬನ್ನಿ' ಅಂದ್ಲು. ಅಷ್ಟೇ."

ಕಡ್ಡಿಗಳು ನಿಂತವು. "ಒರೆಸ್ಕೊಂಡ್ರಾ?"

"ಒರೆಸ್ತಾನೇ ಇದ್ದೆ. ಅವಳು ತಿರುಗಿ ನೋಡ್ಲೇ ಇಲ್ಲ." ಪಾದ್ರಿ ತಮ್ಮ ಬೂಟು ನೋಡಿಕೊಂಡರು. "ಮನೇಲಿ ನಾನು ಒಂದಿನಾನೂ ಒರೆಸ್ಕೊಂಡವನಲ್ಲ. ಕೆಸರು ಬೂಟಲ್ಲೇ ಓದೋ ಕೋಣೆಗೆ ಹೋಗ್ತಿದ್ದೆ. ಸಾಯ್ತಿರೋರ ಮನೆಯಿಂದ ಬಂದಿದ್ದೀನಿ, ನಿಂಗೆ ನೆಲದ ಚಿಂತೆ ಅಂತಿದ್ದೆ. ಅವಳು ಏನೂ ಅನ್ನದೆ ಹಿಂದಿನಿಂದ ನೆಲ ಒರೆಸ್ಕೊಂಡು ಬರ್ತಿದ್ಲು."

ಹೆಂಡತಿಯ ಸಮಾಧಿಯ ಮುಂದೆಯೂ ಅಳದ ಮನುಷ್ಯ ಆ ಕುರ್ಚಿಯಲ್ಲಿ ಮಗುವಿನಂತೆ ಅತ್ತರು. ಡಾಕ್ಟರ್ ಹೆಣಿಗೆಯನ್ನು ಬದಿಗಿಟ್ಟರು.

"ನೀವು ಕನಸು ಕಟ್ತಿದ್ದದ್ದು ನಂಗೆ ಗೊತ್ತಿತ್ತು," ಅಂದರು ಆಮೇಲೆ. "ಆ ಪುಸ್ತಕಗಳನ್ನ ನಾನೂ ಓದಿದ್ದೀನಿ, ಪಾದ್ರಿಗಳೇ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬರ್ತಿದ್ರಾ?"

ಪಾದ್ರಿ ಟೋಪಿ ಎತ್ತಿಕೊಂಡು ಬಾಗಿಲ ಬಳಿ ತಡೆದು ನಿಂತರು. "ಮುಂದಿನ ಗುರುವಾರ...?"

"ಬನ್ನಿ. ಕನಸು ಬೀಳದಿದ್ರೆ ಬರಿಗೈಲೇ ಬನ್ನಿ."

ಸ್ಟೇಫಾದಲ್ಲಿ ಮಂಜು ಸರೋವರದಿಂದ ಬೀದಿಗೆ ಏರಿತ್ತು. ನಿಲ್ದಾಣದಿಂದ ನಡೆದು ಬರುವಷ್ಟರಲ್ಲಿ ಬೂಟಿಗೆಲ್ಲ ಒದ್ದೆ ಎಲೆ ಮೆತ್ತಿಕೊಂಡಿತ್ತು. ಬಾಗಿಲು ತೆರೆದರೆ ಎಂದಿನಂತೆ ಯಾವ ಅಡುಗೆಯ ವಾಸನೆಯೂ ಇಲ್ಲ. ಹೊಸಿಲಲ್ಲಿ ಲೀನಾ ಚರ್ಚಿನ ಹಳೆಯ ಮನೆಯಿಂದ ತಂದಿದ್ದ ನಾರಿನ ಕಾಲೊರಸು ಬಿದ್ದಿತ್ತು, ಇನ್ನೂ ಸವೆಯದೆ.

ಪಾದ್ರಿ ಬಲಗಾಲು ಒರೆಸಿದರು. ಎಡಗಾಲು ಒರೆಸಿದರು. ಮತ್ತೆ ಬಲಗಾಲು. ಓದುವ ಕೋಣೆಯನ್ನು ದಾಟಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿ ತೆರೆದರು.

"ಒರೆಸ್ಕೊಂಡೆ, ಲೀನಾ."

ಆಮೇಲೆ ಬುಟ್ಟಿಯಿಂದ ಎರಡು ಆಲೂಗಡ್ಡೆ ಎತ್ತಿಕೊಂಡು, ಅವಳ ಜಾಗದಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕುಳಿತು ಸಿಪ್ಪೆ ತೆಗೆಯತೊಡಗಿದರು.