ಹಳೆಯ ಡಿಸ್ಕಿನ ಅಳತೆಗಳು

ಬೆನ್ನು ಬಾಗಿದವರಿಗೆ, ತೋಳು ಗಿಡ್ಡವಾದವರಿಗೆ ಮೈಗೊಪ್ಪುವ ಬಟ್ಟೆ ಹೊಲಿಯುವ ದರ್ಜಿ ಆಕೆ. ಹದಿನೆಂಟು ವರ್ಷಗಳ ಅಳತೆಗಳೆಲ್ಲ ಅಂಗಡಿಯ ಕಂಪ್ಯೂಟರಿನಲ್ಲಿದ್ದವು. ಅದು ಈಚೆಗೆ ಆಮೆಯಂತೆ ತೆವಳುತ್ತಿತ್ತು. ಚೂರುಚೂರಾಗಿ ಹರಡಿದ ಫೈಲುಗಳನ್ನು ಒಂದೆಡೆ ಸೇರಿಸಿದರೆ ಚುರುಕಾಗುತ್ತದೆಂದು ಯಾರೋ ಹೇಳಿದ್ದರು. ಅದಕ್ಕೆಂದೇ ಇರುವ ಡಿಫ್ರ್ಯಾಗ್ ಸಾಫ್ಟ್‌ವೇರನ್ನು ತೆರೆದು ಕೂತಿದ್ದಳು.

ಅಷ್ಟರಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಾದಿನಿ ಬಂದಳು. "ತಡೀರಿ ಅತ್ತಿಗೆ. ಎಲ್ಲದಕ್ಕೂ ಇನ್ನೊಂದು ಕಾಪಿ ಇದೆಯಾ?"

"ಇಲ್ಲ ಕಣೆ."

"ಹಾಗಾದ್ರೆ ಈಗ್ಲೇ ಬೇಡ. ಇದು ಡಿಸ್ಕಿಗೆ ಮೈಮುರಿಯೋ ದುಡಿತ. ಮೊದಲು ಕಾಪಿ ಮಾಡೋಣ, ಆಮೇಲೆ ಡಿಸ್ಕ್ ಗಟ್ಟಿಯಾಗಿದೆಯಾ ನೋಡೋಣ."

ಮಧ್ಯಾಹ್ನವಿಡೀ ಕೂತು ಎಲ್ಲವನ್ನೂ ಹೊಸ ಡಿಸ್ಕಿಗೆ ಇಳಿಸಿದರು. ಪರೀಕ್ಷಿಸಿದರೆ ಹಳೆಯದರ ತುಂಬ ಕೆಟ್ಟ ಜಾಗಗಳು. ಎರಡೇ ದಿನಕ್ಕೆ ಅದು ತಾನಾಗಿಯೇ ನಿಂತುಹೋಯಿತು.

ಆ ವಾರವೇ ವಯಸ್ಸಾದ ಗ್ರಂಥಪಾಲಕರೊಬ್ಬರು ಕೋಟು ಹೊಲಿಸಲು ಬಂದರು. "ಮತ್ತೆ ಅಳತೆಗೆ ನಿಲ್ಲಬೇಕೇನಮ್ಮ? ಸೊಂಟ ನೋಯುತ್ತೆ."

"ಬೇಡ, ಕೂತ್ಕೊಳ್ಳಿ. ನಿಮ್ಮ ಅಳತೆ ನನ್ನ ಹತ್ರ ಇದೆ," ಎನ್ನುತ್ತ ಆಕೆ ಕಂಪ್ಯೂಟರಿನಲ್ಲಿ ಅವರ ಅಳತೆ ತೆರೆದಳು.

ಅವರು ಹೋದೊಡನೆ ನಾದಿನಿಗೆ ಫೋನ್ ಮಾಡಿದಳು. "ನೀನು ಅವತ್ತು ಬರದಿದ್ರೆ ಏನು ಗತಿ? ನಿನ್ನ ಉಪಕಾರ ಹೇಗೆ ತೀರಿಸಲಿ?"

"ದೊಡ್ಡ ಜೇಬಿರೋ ಅಂಗಿ ಹೊಲಿದುಕೊಡಿ ಅತ್ತಿಗೆ. ನನ್ನ ಸ್ಕ್ರೂಡ್ರೈವರಿಗೆ ಎಲ್ಲೂ ಜಾಗ ಇಲ್ಲ."