ಕಪ್ಪು ಬಾವುಟ

ಹಸಿರು ಕಾರು ಈ ಸುತ್ತಿನಲ್ಲೂ ಒಳಗೆ ಬರಲಿಲ್ಲ. ಜೈಬುನ್ನೀಸಾ ತಲೆಯ ಮೇಲೆತ್ತಿ ಹಿಡಿದಿದ್ದ ಕರಿಹಲಗೆಯನ್ನು ಕೆಳಗಿಳಿಸಿದಳು. ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ದಪ್ಪ ಬಾಣ, ಕಾರುಗಳು ಒಳಬಂದು ನಿಲ್ಲುವ ಪಿಟ್ ಕಡೆಗೆ ಮುಖ ಮಾಡಿತ್ತು. ಕಾರು ಓಡಿಸುತ್ತಿದ್ದ ಗಂಡ ಮಂಜೂರ್ ಅದನ್ನು ನೋಡಿಯೇ ಇದ್ದ. ಹೆಲ್ಮೆಟ್ ಒಂದಿಷ್ಟು ಇತ್ತ ಹೊರಳಿ ಮತ್ತೆ ನೆಟ್ಟಗಾಗಿತ್ತು.

ನೀರು ಕುಡಿಯಲು ಹೋಗಿದ್ದ ಮುನಿಕೃಷ್ಣಪ್ಪ ಓಡಿಬಂದ. "ಏನಕ್ಕಾ ಇದು? ಗಾಡಿ ಚೆನ್ನಾಗೇ ಓಡ್ತೈತಲ್ಲ, ಯಾಕ್ ಒಳಕ್ಕೆ ಕರೀತಿದ್ದೀಯ? ಎರಡನೇ ಜಾಗದಾಗವ್ರೆ ನಮ್ಮಣ್ಣ!"

"ನೀನು ಹೆಲ್ಮೆಟ್ ಹಾಕ್ಕೋ ಕೃಷ್ಣಪ್ಪ. ಮಿಕ್ಕಿದ್ದು ನೀನೇ ಓಡಿಸು."

"ನನ್ ಪಾಳಿ ಮುಗೀತಲ್ಲಕ್ಕಾ."

ಅದು ನಾಲ್ಕು ಗಂಟೆಗಳ ರೇಸು. ಒಂದು ಕಾರಿಗೆ ಇಬ್ಬರು ಡ್ರೈವರುಗಳು. ಮೊದಲರ್ಧ ಮುನಿಕೃಷ್ಣಪ್ಪನದು, ಕೊನೆಯರ್ಧ ಮಂಜೂರನದು ಎಂದು ಮೊದಲೇ ಮಾತಾಗಿತ್ತು. ಜಕ್ಕೂರಿನಾಚೆ ವಿಮಾನಗಳು ಇಳಿಯುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದ ಹಳೆಯ ರನ್‌ವೇ, ಅದರ ಸುತ್ತಲಿನ ಒಡಕಲು ರಸ್ತೆ, ತಿರುವುಗಳಲ್ಲಿ ಒಣಹುಲ್ಲಿನ ಹೊರೆಗಳು. ಇಷ್ಟೇ ಓಟದ ಹಾದಿ. ಮಂಜೂರನ ಗ್ಯಾರೇಜು ಇದ್ದದ್ದು ಯಶವಂತಪುರದ ಗೂಡ್ಸ್ ಶೆಡ್ಡಿನ ಹಿಂದೆ. ಪುಟ್ಟೇನಹಳ್ಳಿಯ ದ್ರಾಕ್ಷಿ ತೋಟದವರ ಮನೆಯ ಮುನಿಕೃಷ್ಣಪ್ಪ ಒಮ್ಮೆ ಟ್ರ್ಯಾಕ್ಟರ್ ರಿಪೇರಿಗೆಂದು ಅಲ್ಲಿಗೆ ಬಂದವನು, ಆಮೇಲೆ ಆ ಗ್ಯಾರೇಜು ಬಿಟ್ಟು ಕದಲಿರಲಿಲ್ಲ. ಇಬ್ಬರೂ ಸೇರಿ ಹಳೆಯ ಫಿಯೆಟ್ಟಿನ ಎಂಜಿನ್ನಿಗೆ ತಗಡು ಬಡಿದು, ನೆಲಕ್ಕಂಟಿದಂತಿರುವ ಈ ಸ್ಪೋರ್ಟ್ಸ್ ಕಾರನ್ನು ಕಟ್ಟಿದ್ದರು. ಪ್ರತಿವರ್ಷ ಏನಾದರೊಂದು ಮುರಿದು ಅರ್ಧಕ್ಕೇ ನಿಲ್ಲುತ್ತಿತ್ತು. ಈ ವರ್ಷ ಏನೂ ಮುರಿದಿರಲಿಲ್ಲ.

ಜೈಬುನ್ನೀಸಾಳ ತೋಳುಗಳು ಸೋತುಹೋಗಿದ್ದವು. ಶನಿವಾರದ ಪ್ರ್ಯಾಕ್ಟೀಸಿನಿಂದಲೂ ಅವಳು ಇಲ್ಲೇ ಇದ್ದಳು. ಬುರ್ಖಾದ ಅಂಚೆಲ್ಲ ಕೆಮ್ಮಣ್ಣು. ಆದರೆ ಅವಳ ದಣಿವು ಎರಡು ದಿನದ್ದಲ್ಲ. ರಂಜಾನಿನ ಹೊತ್ತಿಗೆ ಮಂಜೂರ್ ಮೊದಲ ಸಲ ಬಚ್ಚಲಲ್ಲಿ ಬಿದ್ದಿದ್ದ. ಇನ್ನೊಮ್ಮೆ ಗ್ಯಾರೇಜಿನಲ್ಲಿ. ಮತ್ತೊಮ್ಮೆ ಹೆಬ್ಬಾಳದ ಹತ್ತಿರ, ನಿಂತಿದ್ದ ಸ್ಕೂಟರಿನ ಸಮೇತ. "ಒಂದು ಗಳಿಗೆ ದೀಪ ಆರಿದ ಹಾಗಾಗತ್ತೆ, ಅಷ್ಟೇ," ಎನ್ನುತ್ತಿದ್ದ. ಯಾರಿಗೂ ಹೇಳಕೂಡದೆಂದು ಮಗಳ ತಲೆಯ ಮೇಲೆ ಕೈಯಿಡಿಸಿ ಆಣೆ ಮಾಡಿಸಿಕೊಂಡಿದ್ದ. "ಈ ರೇಸೊಂದು ಮುಗೀಲಿ ಜೈಬೂ. ಆಸ್ಪತ್ರೆಗೆ ನಾನೇ ಬರ್ತೀನಿ." ಅವಳು ಒಪ್ಪಿದ್ದಳು. ಅಂದಿನಿಂದ ಅವನು ಬಾಗಿಲು ದಾಟಿದರೆ ಸಾಕು, ಹಿಂತಿರುಗುವವರೆಗೂ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಕಳೆದ ಸುತ್ತಿನಲ್ಲಿ ತಲೆ ಒಂದು ಕಡೆಗೆ ವಾಲಿತ್ತು," ಎಂದಳು. ಆಮೇಲೆ ಎಲ್ಲವನ್ನೂ ಮುನಿಕೃಷ್ಣಪ್ಪನಿಗೆ ಹೇಳಿಬಿಟ್ಟಳು.

ಅವನು ಬಾಯಿಬಿಟ್ಟುಕೊಂಡು ಕೇಳಿದ. "ನಂಗ್ಯಾಕಕ್ಕಾ ಏಳ್ಲಿಲ್ಲ? ನಾನೇನ್ ಬೇರೇನಾ ನಿಮ್ಗೆ?"

ಅವಳು ಉತ್ತರ ಕೊಡುವಷ್ಟರಲ್ಲಿ ಆ ಕಡೆಯ ತಿರುವಿನಲ್ಲಿ ಧೂಳೆದ್ದಿತು. ಹಸಿರು ಕಾರು ತಿರುಗಲೇ ಇಲ್ಲ. ಬ್ರೇಕಿನ ಸದ್ದೂ ಇಲ್ಲದೆ ನೆಟ್ಟಗೆ ಹೋಗಿ ಹುಲ್ಲಿನ ಹೊರೆಗಳನ್ನು ಚೆಲ್ಲಾಪಿಲ್ಲಿ ಮಾಡಿ, ಬಯಲಿನಲ್ಲಿ ಅರ್ಧ ಸುತ್ತು ಹೊಡೆದು, ನಿಂತಂತಾಗಿ, ಮತ್ತೆ ಗುರುಗುಟ್ಟಿ ರಸ್ತೆಗೆ ಬಂತು. ಹಿಂದೆ ಬರುತ್ತಿದ್ದ ಕಾರು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಕಟ್ಟೆಯ ಮೇಲಿದ್ದ ಜನ ಶಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು.

ಹಲಗೆಯನ್ನು ಅಲ್ಲೇ ಬಿಟ್ಟು ಜೈಬುನ್ನೀಸಾ ಶಾಮಿಯಾನದ ಕಡೆಗೆ ನಡೆದಳು. ರೇಸಿನ ಯಜಮಾನಿಕೆ ವೆಂಕಟರಾಮಯ್ಯನವರದು, ಮಿಲಿಟರಿಯಿಂದ ನಿವೃತ್ತರಾದವರು. ಅವರೆದುರು ನಿಂತು ಮುಸುಕು ಸರಿಸಿದಳು.

"ಹಸಿರು ಕಾರಿನವರ ಹೆಂಡ್ತಿ ಸಾರ್ ನಾನು. ಅವರನ್ನ ನಿಲ್ಲಿಸಿ."

"ಒಂದ್ಸಲ ಜಾರಿದ್ದಕ್ಕೆಲ್ಲ ನಿಲ್ಲಿಸಕ್ಕಾಗಲ್ಲಮ್ಮ. ಮನೆಯವರಿಗೆ ಭಯ ಇದ್ದೇ ಇರತ್ತೆ."

"ಜಾರಿದ್ದಲ್ಲ ಸಾರ್. ಅವರಿಗೆ ಪ್ರಜ್ಞೆ ತಪ್ಪತ್ತೆ. ಮುಂಚೇನೂ ಬಿದ್ದಿದ್ದಾರೆ. ಈಗ ಆಗಿದ್ದೂ ಅದೇ."

ವೆಂಕಟರಾಮಯ್ಯನವರು ಕನ್ನಡಕ ತೆಗೆದರು. "ಯೋಚ್ನೆ ಮಾಡಿ ಹೇಳ್ತಿದ್ದೀರಾ? ಇದು ನನ್ನ ಕಿವಿಗೆ ಬಿದ್ದ ಮೇಲೆ ಅವರು ಇನ್ನೆಂದೂ ರೇಸಿಗೆ ಇಳಿಯೋ ಹಾಗಿಲ್ಲ."

ಅವಳು ಒಮ್ಮೆ ಹಿಂದೆ ತಿರುಗಿ ರನ್‌ವೇ ನೋಡಿದಳು.

"ಕಿವಿಗೆ ಬೀಳಲಿ ಸಾರ್," ಎಂದಳು.

ಮುಂದಿನ ಸುತ್ತಿಗೆ ಕಪ್ಪು ಬಾವುಟ ಮೇಲೆದ್ದಿತು. ಅದನ್ನು ಕಂಡವರು ಯಾರೇ ಆಗಲಿ ಒಳಗೆ ಬರಲೇಬೇಕು. ಮಂಜೂರ್ ಬಂದ. ಕಾರು ನಿಲ್ಲುವ ಮೊದಲೇ ಕೂಗಿದ: "ಯಾರು ಕರೆದದ್ದು?"

"ನಾನೇ ಕಣಣ್ಣೋ," ಎಂದ ಮುನಿಕೃಷ್ಣಪ್ಪ.

"ಅವನಲ್ಲ. ನಾನು," ಎಂದಳು ಜೈಬುನ್ನೀಸಾ.

ಮಂಜೂರ್ ಹೆಂಡತಿಯನ್ನೇ ನೋಡಿದ. ಬೈಯಲಿಲ್ಲ. ಏಳಲು ಹೋದ, ಆಗಲಿಲ್ಲ. ಮುನಿಕೃಷ್ಣಪ್ಪ ಕಂಕುಳಿಗೆ ಕೈಹಾಕಿ ಎತ್ತಿ ಇಳಿಸಿದ. ಬಾವುಟ ಡ್ರೈವರಿಗೇ ಹೊರತು ಕಾರಿಗಲ್ಲ, ಜೊತೆಗಾರ ಮುಂದುವರಿಸಬಹುದು ಎಂದು ವೆಂಕಟರಾಮಯ್ಯನವರು ಹೇಳಿಕಳಿಸಿದ್ದರು. ಆದರೂ ಮುನಿಕೃಷ್ಣಪ್ಪ ಹೆಲ್ಮೆಟ್ ಹಿಡಿದು ನಿಂತೇ ಇದ್ದ.

"ನನ್ನ ಮುಖ ಏನ್ ನೋಡ್ತೀಯೋ? ಹೋಗು," ಎಂದ ಮಂಜೂರ್. "ಮೂರನೇ ಗೇರು ಸ್ವಲ್ಪ ಹಿಡಿಯತ್ತೆ, ನೋಡ್ಕೋ."

ಕಾರು ಹೊರಟುಹೋಯಿತು. ಗಂಡಹೆಂಡತಿ ಹಳೆಯ ಟಯರುಗಳ ಮೇಲೆ ಕೂತರು. ಎರಡನೆಯ ಜಾಗವೇನೋ ಆಗಲೇ ಕೈತಪ್ಪಿತ್ತು.

"ಏನಂತ ಹೇಳಿದೆ ಅವರಿಗೆ?" ಮನೆಮಾತಾದ ದಖ್ಖನಿ ಉರ್ದುವಿನಲ್ಲಿ ಕೇಳಿದ.

"ಇದ್ದದ್ದನ್ನ."

"ಇನ್ನು ಯಾರೂ ನನ್ನನ್ನ ರೇಸಿಗೆ ಇಳಿಸಲ್ಲ."

"ಗೊತ್ತು."

ಅವನು ಅಂಗಿಯ ತೋಳಿಗೆ ಅಂಟಿದ್ದ ಒಣಹುಲ್ಲಿನ ಎಳೆಯೊಂದನ್ನು ಕಿತ್ತು ಬೆರಳಲ್ಲಿ ತಿರುಗಿಸುತ್ತ ನೋಡಿದ.

"ಗಾಡಿಯೊಳಗೆ ಇಷ್ಟು ಹುಲ್ಲು ಹೇಗೆ ಬಂತು ಅಂತ ಯೋಚನೆ ಮಾಡ್ತಿದ್ದೆ," ಎಂದ. "ಬಾವುಟ ಕಾಣೋವರೆಗೂ ಅದನ್ನೇ ಯೋಚನೆ ಮಾಡ್ತಿದ್ದೆ."

ಅವಳು ಚಹಾ ತರಲೇ ಎಂದು ಕೇಳಲು ತಿರುಗಿದಾಗ ಅವನ ತಲೆ ಹಿಂದಿನ ಗೋಡೆಗೆ ಒರಗಿತ್ತು. ಗಾಬರಿಯಿಂದ ಮೂಗಿನ ಬಳಿ ಕೈ ಹಿಡಿದು ನೋಡಿದಳು. ನಿದ್ದೆ. ಅಷ್ಟು ಕಾರುಗಳ ಅಬ್ಬರದ ನಡುವೆ, ಬಾಯಿ ಕೊಂಚ ತೆರೆದುಕೊಂಡು, ಗಾಢವಾದ ನಿದ್ದೆ.

ಪಡುವಣದ ಬಿಸಿಲು ನೇರವಾಗಿ ಅವನ ಮುಖಕ್ಕೆ ಹೊಡೆಯುತ್ತಿತ್ತು. ಜೈಬುನ್ನೀಸಾ ಎದ್ದುನಿಂತು ಬುರ್ಖಾದ ಸೆರಗನ್ನು ಎರಡೂ ಕೈಗಳಲ್ಲಿ ಅಗಲಿಸಿ ಬಿಸಿಲಿಗೆ ಅಡ್ಡ ಹಿಡಿದಳು. ಹಸಿರು ಕಾರು ಎದುರಿನಿಂದ ಹಾದುಹೋಗುವಾಗ ಮುನಿಕೃಷ್ಣಪ್ಪ ಇತ್ತ ತಿರುಗಿ ಕೈ ಎತ್ತಿದ. ಅವಳು ಕದಲದೆ ಹಾಗೇ ನಿಂತಿದ್ದಳು.