ಒಪ್ಪತ್ತಿನ ದಿನದ ಗುಳಿಗೆ

ತವರಿನಿಂದ ನಾನು ತಂದ ಸಾಮಾನಿನಲ್ಲಿ ಹದಿಮೂರು ವರ್ಷ ಬಾಳಿದ್ದು ಎರಡೇ. ಒಂದು ಹಿತ್ತಾಳೆ ಕೊಡ, ಇನ್ನೊಂದು ದಫೇದಾರ. ದಫೇದಾರ ಅಂದರೆ ನಾಯಿ. ಹಾನಗಲ್ಲಿನಿಂದ ಬುಟ್ಟಿಯಲ್ಲಿ ತಂದಾಗ ಅಂಗೈಯಷ್ಟಿದ್ದ. ಬಂದ ದಿನವೇ ಬಾಗಿಲಿಗೆ ಅಡ್ಡ ಕೂತು, ಬಂದವರನ್ನೆಲ್ಲ ಪೊಲೀಸ್ ದಫೇದಾರನಂತೆ ತಡೆದು ವಿಚಾರಣೆ ಶುರುಮಾಡಿದ. ಹೆಸರಿಟ್ಟವರು ನಮ್ಮವರು, ಅಂದಾನಪ್ಪ. ಅತ್ತೆ ಗುರುಶಾಂತವ್ವನಿಗೆ ಅವನ ಮೇಲೆ ಸಿಟ್ಟೂ ಇರಲಿಲ್ಲ, ಅಕ್ಕರೆಯೂ ಇರಲಿಲ್ಲ. ಉಳಿದ ರೊಟ್ಟಿ ಹಾಕುತ್ತಿದ್ದರು, ಒಳಗೆ ಬಂದರೆ ಗದರುತ್ತಿದ್ದರು, ಅಷ್ಟೆ.

ಅರವತ್ತೆರಡರ ಮಳೆಗಾಲಕ್ಕೆ ದಫೇದಾರನ ಹಿಂಗಾಲು ಕೆಟ್ಟವು. ಮಲಗಿದರೆ ಏಳಲಾರ, ಎದ್ದರೆ ನಡೆಯಲಾರ. ಕೂರುವಾಗ ಕುಂಯ್ ಅನ್ನುವ ಅವನ ದನಿ ಕೇಳಿದರೆ ನನ್ನ ಕೈಯೊಳಗಿನ ಕೆಲಸ ಅಲ್ಲೇ ನಿಲ್ಲುತ್ತಿತ್ತು.

"ಮುದಿ ಆಗೈತಿ, ಇನ್ನೇನು ಮಾಡೂದು, ಬಿಡು" ಅಂದರು ನಮ್ಮವರು.

"ನಿಮಗ ಮೊಣಕಾಲು ಹಿಡದಾಗ ನಾನೂ ಹಿಂಗ ಅಂದ್ರ ನಡೀತೈತೇನ್ರಿ?"

ನನ್ನ ಬಾಯಿಗೆ ಹೆದರಿಯೋ ಏನೋ, ಮರುದಿನ ಮಂಗಳವಾರದ ಸಂತೆಗೆ ಹೊರಟ ಬಂಡಿಯಲ್ಲಿ ಬೆಲ್ಲದ ಮೂಟೆಗಳ ನಡುವೆ ಅವನಿಗೂ ನನಗೂ ಜಾಗ ಮಾಡಿದರು. ಬನವಾಸಿ ದಾಟಿ ಶಿರಸಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ದನದ ದವಾಖಾನೆಯಲ್ಲಿ ಎಮ್ಮೆ, ಹೋರಿಗಳ ನಡುವೆ ನಾಯಿ ಎತ್ತಿಕೊಂಡು ನಿಂತವಳು ನಾನೊಬ್ಬಳೇ. ನಗುವವರು ನಕ್ಕರು, ನಾನು ಅವರ ಎಮ್ಮೆಗಳ ಮುಖ ನೋಡುತ್ತ ನಿಂತೆ.

ಡಾಕ್ಟರು ಚಂದ್ರಶೇಖರಪ್ಪ ಶಿವಮೊಗ್ಗದ ಕಡೆಯವರು. ಕಾಲು ಮಡಿಸಿ, ಚಾಚಿ, ಸೊಂಟ ಒತ್ತಿ ನೋಡಿದರು. "ಇದು ಕೀಲುವಾಯು ತಾಯಿ. ಮುಪ್ಪಿಗೆ ಬರುವಂಥದ್ದು. ವಾಸಿ ಆಗೋದಿಲ್ಲ, ನೋವು ಕಡಿಮೆ ಮಾಡಬಹುದು" ಎಂದು ಚೀಟಿ ಬರೆದರು. "ಬೆಳಿಗ್ಗೆ ಅರ್ಧ ಗುಳಿಗೆ, ಸಂಜೆ ಅರ್ಧ. ಊಟ ಹಾಕಿದ ಮೇಲೆ ಕೊಡಿ. ಒಂದು ಹೊತ್ತೂ ತಪ್ಪಿಸಬೇಡಿ. ಬರುವ ಮಂಗಳವಾರ ತೋರಿಸಿ. ಅಷ್ಟರಲ್ಲಿ ತಾನಾಗಿ ಏಳದಿದ್ದರೆ ನರಳಿಸೋದು ಬೇಡ, ಒಂದು ಇಂಜೆಕ್ಷನ್ ಕೊಟ್ಟು ಮುಗಿಸೋಣ."

ಔಷಧ ಅಂಗಡಿಯಲ್ಲಿ ರೋಗಿಯ ಹೆಸರು ಕೇಳಿದರು. ದಫೇದಾರ ಅಂದರು ನಮ್ಮವರು. ಅಂಗಡಿಯವನು ಎದ್ದು ನಿಂತು ಗುಳಿಗೆ ಕಟ್ಟಿಕೊಟ್ಟ.

ಬುಧವಾರದಿಂದ ಶುರು. ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ ಮೊದಲು, ಬೆಣ್ಣೆಯುಂಡೆಯಲ್ಲಿ ಬಚ್ಚಿಟ್ಟ ಗುಳಿಗೆ ಆಮೇಲೆ. ಶುಕ್ರವಾರ ಕೂರುವಾಗ ಕುಂಯ್ ಅನ್ನಲಿಲ್ಲ. ರವಿವಾರ ನಾನು ಅಂಗಳ ಗುಡಿಸುತ್ತಿದ್ದಾಗ ಅವನು ತಾನಾಗಿ ಎದ್ದು, ರಸ್ತೆಯವರೆಗೆ ನಡೆದು, ಬನವಾಸಿಯ ಬಸ್ಸಿಗೆ ಬೊಗಳಿ ಬಂದ. ಕಸಬರಿಗೆ ಹಿಡಿದೇ ನಾನು ನಕ್ಕೆ. ಮೈಯಲ್ಲಿ ಏನೋ ಹಗುರಾಯಿತು.

ಮರುದಿನ ಶ್ರಾವಣ ಸೋಮವಾರ. ನಮ್ಮ ಮನೆಯಲ್ಲಿ ಅಂದು ಒಪ್ಪತ್ತು. ಸಂಜೆ ಪೂಜೆಯಾಗಿ, ಲಿಂಗಕ್ಕೆ ಎಡೆ ಹಿಡಿದ ಮೇಲೆಯೇ ಊಟ. ಅಲ್ಲಿಯವರೆಗೆ ಒಲೆಯ ಮೇಲೆ ಹೆಂಚು ಏರುವಂತಿಲ್ಲ, ಯಾರಿಗೂ ಒಂದು ತುತ್ತು ಬಡಿಸುವಂತಿಲ್ಲ, ನಾಯಿಗೂ ಇಲ್ಲ. ಅತ್ತೆ ಮದುವೆಯಾಗಿ ಬಂದಂದಿನಿಂದ ನಲವತ್ತು ವರ್ಷ ತಪ್ಪದ ಕಟ್ಟು. ಔಷಧಕ್ಕೆ ಮಾತ್ರ ಅದು ಅನ್ವಯಿಸುತ್ತಿರಲಿಲ್ಲ. ಮಾವ ಇದ್ದಾಗ ಒಪ್ಪತ್ತಿನ ದಿನವೂ ಬೆಳಿಗ್ಗೆ ಕಷಾಯ ಕುಡಿಯುತ್ತಿದ್ದರು, ವ್ರತ ಕೆಟ್ಟಿತೆಂದು ಯಾರೂ ಅಂದಿರಲಿಲ್ಲ. ಆ ಲೆಕ್ಕದಲ್ಲಿ ನಾನು ಬುದ್ಧಿವಂತಿಕೆ ಮಾಡಿದೆ. ಹೊತ್ತು ತಪ್ಪಿಸಬಾರದು ಅಂದಿದ್ದರಲ್ಲ, ಬರಿಯ ನೀರಿನ ಜೊತೆ ಗುಳಿಗೆ ಗಂಟಲಿಗಿಳಿಸಿದೆ. ಊಟದ ಮೇಲೆ ಅನ್ನುವ ಮಾತು ನೆನಪಿತ್ತು. ಒಂದು ದಿನಕ್ಕೆ ಏನಾಗುತ್ತದೆ ಅಂದುಕೊಂಡೆ.

ಮಧ್ಯಾಹ್ನ ಅವನು ಕಟ್ಟೆಯ ಕೆಳಗೆ ವಾಂತಿ ಮಾಡಿದ. ಸೋಸಿದ ಚಹಾಪುಡಿಯಂತೆ ಕಪ್ಪಗಿತ್ತು, ಅದರೊಳಗೆ ರಕ್ತದ ಎಳೆ. ಆಮೇಲೆ ಬೆನ್ನು ಬಾಗಿಸಿ ಮಲಗಿದವನು ಕರೆದರೂ ಕಣ್ಣು ತೆರೆಯಲಿಲ್ಲ. ನಾನು ಅಲ್ಲೇ ಕೂತು ಅಳತೊಡಗಿದೆ. ಗುರುಶಾಂತವ್ವ ಬಾಗಿಲಿಗೆ ಬಂದು, ಅವನನ್ನೂ ನನ್ನನ್ನೂ ನೋಡಿ ಒಳಗೆ ಹೋದರು. ಸಂಜೆ ಹಾಕಿದ ರೊಟ್ಟಿಯನ್ನು ಅವನು ಮೂಸಿಯೂ ನೋಡಲಿಲ್ಲ.

ಮಂಗಳವಾರ ಮತ್ತೆ ಬಂಡಿ. ಡಾಕ್ಟರು ಹೊಟ್ಟೆ ಒತ್ತಿದಾಗ ದಫೇದಾರ ನರಳಿದ.

"ಖಾಲಿ ಹೊಟ್ಟೆಗೆ ಕೊಟ್ಟಿರಾ?"

ಸುಳ್ಳು ಹೇಳಬಹುದಿತ್ತು. "ಹೌದ್ರಿ. ನಿನ್ನೆ ನಮ್ಮಲ್ಲಿ ಒಪ್ಪತ್ತಿತ್ತು. ತಪ್ಪು ನಂದೇರಿ" ಅಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈ ಗುಳಿಗೆ ಬರಿ ಹೊಟ್ಟೆಯನ್ನು ಒಳಗಿಂದ ಹುಣ್ಣು ಮಾಡುತ್ತೆ. ನೋವಿಗೆ ನನ್ನ ಹತ್ತಿರ ಬೇರೆ ಔಷಧ ಇಲ್ಲ. ರವಿವಾರದವರೆಗೆ ಗುಳಿಗೆ ಬೇಡ, ಈ ಪುಡಿ ಹಾಕಿ ಗಂಜಿ ಕುಡಿಸಿ. ಬದುಕಿದರೆ ಸೋಮವಾರ ಬೆಳಿಗ್ಗೆಯಿಂದ ಮತ್ತೆ ಗುಳಿಗೆ, ಊಟ ಹಾಕಿಯೇ. ಊಟ ಹಾಕಲಾಗದ ದಿನ ಇನ್ನೂ ಇದೆ ಅನ್ನೋದಾದರೆ ಈಗಲೇ ಹೇಳಿ, ಇಂಜೆಕ್ಷನ್ ಇವತ್ತೇ ಕೊಡುತ್ತೇನೆ."

"ಹಾಕ್ತೀನ್ರಿ" ಅಂದುಬಿಟ್ಟೆ. ಹೇಗೆ ಹಾಕುವುದು ಅನ್ನುವುದು ಗೊತ್ತಿರಲಿಲ್ಲ. ಶ್ರಾವಣದಲ್ಲಿ ಇನ್ನೂ ಎರಡು ಸೋಮವಾರ ಬಾಕಿ ಇದ್ದವು. ಊರು ಮುಟ್ಟುವವರೆಗೆ ನಮ್ಮವರು ಎತ್ತುಗಳ ಜೊತೆ ಮಾತಾಡಿದರು, ನನ್ನ ಜೊತೆ ಇಲ್ಲ. ಮನೆಗೆ ಬಂದು ನಡೆದದ್ದನ್ನೆಲ್ಲ ತಾಯಿಗೆ ಹೇಳಿದವರೂ ಅವರೇ. ಅತ್ತೆ ಕೇಳಿಸಿಕೊಂಡರು, ಹೂಂ ಅಂದರು, ಕಾಳು ಕೇರುವುದನ್ನು ಮುಂದುವರಿಸಿದರು.

ದಫೇದಾರ ಗಂಜಿ ಕುಡಿದು ಬದುಕಿಕೊಂಡ. ಆದರೆ ಗುಳಿಗೆ ನಿಂತದ್ದೇ ಕಾಲುಗಳು ಮೊದಲಿನಂತಾದವು. ಶನಿವಾರ ನೀರಿನ ಬೋಗುಣಿಯವರೆಗೆ ತೆವಳಿದ. ನಾನೊಂದು ನಿರ್ಧಾರ ಮಾಡಿದೆ. ರವಿವಾರ ಸಂಜೆ ಎರಡು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ದನದ ಕೊಟ್ಟಿಗೆಯ ಗೂಡಿನಲ್ಲಿಟ್ಟೆ. ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಕದ್ದು ಹಾಕುವುದು. ಹದಿಮೂರು ವರ್ಷದಲ್ಲಿ ಅವರ ಎದುರು ಜಗಳಾಡಿದ್ದೆ, ಕಣ್ಣು ತಪ್ಪಿಸಿ ಏನೂ ಮಾಡಿರಲಿಲ್ಲ. ನಾಚಿಕೆಯಾಯಿತು. ಆದರೂ ಇಟ್ಟೆ.

ಸೋಮವಾರ ನನ್ನನ್ನು ಎಬ್ಬಿಸಿದ್ದು ರೊಟ್ಟಿ ಬಡಿಯುವ ಸಪ್ಪಳ. ನಡುಮನೆ ದಾಟಿ ನೋಡಿದರೆ, ಅತ್ತೆ ಆಗಲೇ ಮಿಂದು, ವಿಭೂತಿ ಧರಿಸಿ, ಒಲೆಯ ಮುಂದೆ ಕೂತಿದ್ದರು. ಹೆಂಚಿನ ಮೇಲೆ ಒಂದೇ ರೊಟ್ಟಿ. ಅದನ್ನು ಮುರಿದು ಹಾಲಿನಲ್ಲಿ ನೆನೆಸಿ, ಗೋಡೆ ಹಿಡಿದು ಎದ್ದು, ಕಟ್ಟೆಯ ಹತ್ತಿರ ಹೋಗಿ ಅವನ ಮೂತಿಯ ಮುಂದಿಟ್ಟರು.

"ಅತ್ತೇರ, ಇವತ್ತು ಸೋಮವಾರರಿ" ಅಂದೆ.

"ಗೊತ್ತೈತಿ. ಒಪ್ಪತ್ತು ಹಿಡದಾಕಿ ನಾನು, ಅದಲ್ಲ. ಅದರ ಹೊಟ್ಟಿ ಸುಟ್ಟು ನನಗ ಎಲ್ಲಿ ಪುಣ್ಯ ಬರತೈತಿ? ನಿಂತು ನೋಡಬ್ಯಾಡ, ಗುಳಿಗಿ ತಾ."

ದಫೇದಾರ ಬಟ್ಟಲು ನೆಕ್ಕಿ ಮುಗಿಸುವವರೆಗೆ ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ಆಮೇಲೆ ಕೈ ತೊಳೆದು ಒಳಗೆ ಹೋದವರು ಸಂಜೆಯ ಪೂಜೆಯವರೆಗೆ ಒಂದು ಗುಟುಕು ನೀರನ್ನೂ ಕುಡಿಯಲಿಲ್ಲ. ಕೊಟ್ಟಿಗೆಯ ರೊಟ್ಟಿಯನ್ನು ನಾನು ಎಮ್ಮೆಗೆ ಹಾಕಿದೆ.

ದಫೇದಾರ ಇನ್ನೂ ಎರಡು ಶ್ರಾವಣ ಕಂಡ. ಒಂದು ಸೋಮವಾರವೂ ಬಿಡದೆ ನಮ್ಮ ಮನೆಯಲ್ಲಿ ಬೆಳಿಗ್ಗೆ ಒಂದು ರೊಟ್ಟಿ ಬೇಯುತ್ತಿತ್ತು. ನಾನು ಬಡಿಯುತ್ತೇನೆ ಅಂದರೆ ಅತ್ತೆ ಬಿಡುತ್ತಿರಲಿಲ್ಲ.